ಎಷ್ಟು ತೊಳೆದರೂ ವುಝೂ ಮುಗಿಯದ ಹುಡುಗ

ನನ್ನ ತಂಗಿಯ ಮಗನಿಗೆ ಈಗ ಹನ್ನೆರಡು ವರ್ಷ. ಕಳಸ ಪೇಟೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ಅಂಚಿನಲ್ಲಿ ಅವರ ಮನೆ. ಬಾಪ ಸೌದಿಯಲ್ಲಿ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ನಾನು ಅಲ್ಲಿ ನಾಲ್ಕು ದಿನ ಉಳಿದಿದ್ದೆ. ಸುಬಹಿ ಬಾಂಗ್ ಆದ ಕೂಡಲೇ ಹಿತ್ತಲಿನಲ್ಲಿ ನಲ್ಲಿ ತೆರೆದ ಸದ್ದು. ನಾನು ನಮಾಝ್ ಮುಗಿಸಿ ಬಂದೆ, ಚಹಾ ಕುಡಿದೆ, ಹೊರಗೆ ಬೆಳಕೂ ಹರಿಯಿತು. ನಲ್ಲಿ ಮಾತ್ರ ನಿಂತಿರಲಿಲ್ಲ. ಹೋಗಿ ನೋಡಿದರೆ ಹುಡುಗ ಆ ಚಳಿಯಲ್ಲಿ ಮೊಣಕೈವರೆಗೆ ತೊಳೆಯುತ್ತಿದ್ದಾನೆ, ನಿಲ್ಲಿಸುತ್ತಾನೆ, ಮತ್ತೆ ಮೊದಲಿಂದ ಶುರು ಮಾಡುತ್ತಾನೆ.

"ಅವನಿಗೆ ದೀನ್ ಅಂದ್ರೆ ಬಹಳ ಭಯಭಕ್ತಿ ಕಾಕ, ವುಝೂ ಸರಿಯಾಗದೆ ಬಿಡೋದೇ ಇಲ್ಲ" ಅಂದಳು ತಂಗಿ. ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ಸಣ್ಣ ಅಳುಕೂ ಇತ್ತು.

ಇದನ್ನು ಬರೆಯಲು ಅವಳೇ ಒಪ್ಪಿದ್ದಾಳೆ. ಹೆಸರು ಮಾತ್ರ ಬೇಡ ಅಂದಿದ್ದಾಳೆ.

ಹುಡುಗನ ಬೆರಳ ಸಂದಿಗಳು ಬಿರುಕು ಬಿಟ್ಟು ರಕ್ತ ಜಿನುಗುತ್ತಿತ್ತು. ಚರ್ಮದ ಕಾಯಿಲೆ ಅಂತ ಒಬ್ಬ ಡಾಕ್ಟರ್ ಮುಲಾಮು ಕೊಟ್ಟರು. ಮುಲಾಮು ಇದ್ದರೆ ಚರ್ಮಕ್ಕೆ ನೀರು ತಾಗುವುದಿಲ್ಲವಲ್ಲ, ವುಝೂ ಆಗಲಿಕ್ಕಿಲ್ಲ ಎಂದು ಅವನು ಅದನ್ನೂ ಸೋಪು ಹಾಕಿ ಉಜ್ಜಿ ತೆಗೆಯುತ್ತಿದ್ದ. ಗಾಯ ಇನ್ನೂ ಜಾಸ್ತಿಯಾಯಿತು.

ಆ ನಾಲ್ಕು ದಿನ ಅವನ ದಿನಚರಿ ನೋಡಿದಾಗ ನನಗೆ ಒಂದೊಂದೇ ಅರ್ಥವಾಗುತ್ತಾ ಬಂತು. ಮದ್ರಸಕ್ಕೆ ದಿನಾ ತಡ. ಶಾಲೆಯ ಜೀಪು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದರೆ ಇವನು ಇನ್ನೂ ಕಾಲು ತೊಳೆಯುತ್ತಿರುತ್ತಾನೆ. ಶಾಲೆಯ ಟಾಯ್ಲೆಟ್‌ಗೆ ಹೋದರೆ ಬಟ್ಟೆಗೆ ನಜಸ್ ತಾಗಬಹುದೆಂಬ ಹೆದರಿಕೆ. ಹಾಗಾಗಿ ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಗುಟುಕು ನೀರು ಕುಡಿಯುವುದಿಲ್ಲ. ನೋಟ್ಸ್‌ನಲ್ಲಿ ಒಂದೇ ಅಕ್ಷರವನ್ನು ಅಳಿಸಿ ಅಳಿಸಿ ಹಾಳೆ ತೂತು. ಸಂಜೆ ಫುಟ್ಬಾಲ್ ಆಡುವುದನ್ನು ಬಿಟ್ಟಿದ್ದ, ಕೆಸರಲ್ಲವೇ! ರಾತ್ರಿ ಮಲಗುವ ಮೊದಲು "ಉಮ್ಮ, ನನ್ನ ನಮಾಝ್ ಆಯ್ತಾ? ಅಲ್ಲಾಹ್ ಕ್ಷಮಿಸ್ತಾನಾ?" ಎಂದು ಇಪ್ಪತ್ತು ಸಲ. ಅವಳು ಪಾಪ, ಇಪ್ಪತ್ತು ಸಲವೂ "ಆಯ್ತು ಮಗನೇ" ಅನ್ನುತ್ತಿದ್ದಳು.

ಇದಕ್ಕೆ ವೈದ್ಯರ ಭಾಷೆಯಲ್ಲಿ ಗೀಳು ಕಾಯಿಲೆ ಅಂತ ಹೆಸರು, ಚಿಕ್ಕದಾಗಿ ಒಸಿಡಿ. ನಮ್ಮಲ್ಲಿ ವಸ್‌ವಾಸ್ ಅನ್ನುವ ಮಾತು ಇದೆಯಲ್ಲ, ಅದು ಕಾಯಿಲೆಯ ಮಟ್ಟಕ್ಕೆ ಹೋದ ಸ್ಥಿತಿ. ಬೇಡದ ಯೋಚನೆಯೊಂದು ತಲೆಗೆ ನುಗ್ಗುತ್ತದೆ. ತೊಳೆದರೆ ಎರಡು ನಿಮಿಷ ಸಮಾಧಾನ. ಆ ಎರಡು ನಿಮಿಷದ ಸಮಾಧಾನವೇ ಕಾಯಿಲೆಗೆ ಗೊಬ್ಬರ, ಯಾಕೆಂದರೆ ಮುಂದಿನ ಸಲ ಮನಸ್ಸು ಮತ್ತೆ ಅದನ್ನೇ ಬೇಡುತ್ತದೆ. ಉಮ್ಮ ಇಪ್ಪತ್ತು ಸಲ ಕೊಡುವ ಉತ್ತರವೂ ಅಷ್ಟೇ. ಇದು ದೀನ್‌ನಿಂದ ಬಂದದ್ದಲ್ಲ. ಮಗುವಿಗೆ ಯಾವುದು ಅಮೂಲ್ಯವೋ ಅದನ್ನೇ ಈ ಕಾಯಿಲೆ ಹಿಡಿಯುತ್ತದೆ. ಬೇರೆ ಮನೆಯಲ್ಲಾದರೆ ಬಾಗಿಲ ಚಿಲಕ, ಗ್ಯಾಸ್ ಸಿಲಿಂಡರ್, ರೋಗಾಣು.

ಮನೆಯವರೆಲ್ಲ ಶಿಸ್ತು ಅಂದುಕೊಂಡಿದ್ದನ್ನು ಮೊದಲು ಗುರುತಿಸಿದವರು ಮದ್ರಸದ ಉಸ್ತಾದ್. ತಂಗಿಗೆ ಫೋನ್ ಮಾಡಿ ಹೇಳಿದರಂತೆ: "ಮೂರು ಸಲಕ್ಕಿಂತ ಹೆಚ್ಚು ತೊಳೆಯುವುದು ನಮ್ಮ ಶಾಫಿಈ ಮಝ್‌ಹಬಿನಲ್ಲಿ ಕರಾಹತ್. ನಾನು ಅವನಿಗೆ ಇದನ್ನು ಹತ್ತು ಸಲ ಹೇಳಿದ್ದೇನೆ, ಅವನಿಗೆ ಗೊತ್ತಿದೆ. ಗೊತ್ತಿದ್ದೂ ನಿಲ್ಲಿಸಲು ಆಗುತ್ತಿಲ್ಲ ಅಂದರೆ ಅದು ಇಲ್ಮಿನ ಕೊರತೆ ಅಲ್ಲಮ್ಮ, ಡಾಕ್ಟರಿಗೆ ತೋರಿಸಿ."

ಇಂಥ ಉಸ್ತಾದ್ ಎಲ್ಲ ಮಕ್ಕಳಿಗೂ ಸಿಗಲಿ. ಆದರೆ ಅವರು ಹೊಸದೇನನ್ನೂ ಹೇಳಲಿಲ್ಲ. ಸಾವಿರ ವರ್ಷಕ್ಕೂ ಹಿಂದೆ, ಇಂದಿನ ಅಫ್ಘಾನಿಸ್ತಾನದ ಬಲ್ಖ್ ಕಡೆಯ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ ದೇಹದ ಆರೋಗ್ಯಕ್ಕೊಂದು ಭಾಗ, ನಫ್ಸಿನ ಆರೋಗ್ಯಕ್ಕೊಂದು ಭಾಗ ಎಂದು ಒಂದೇ ಗ್ರಂಥದಲ್ಲಿ ಬರೆದಿದ್ದರು. ಎರಡನೆಯ ಭಾಗದಲ್ಲಿ ಕೋಪ, ಭಯ, ದುಃಖದ ಜೊತೆ ವಸ್‌ವಾಸ್ ಕೂಡ ಇದೆ. ಅವರು ತೀರಿಕೊಂಡದ್ದು 934ರಲ್ಲಿ. ನಮ್ಮ ಮನೆಗಳಲ್ಲಿ ಮಾತ್ರ ಇವತ್ತಿಗೂ ಮನಸ್ಸಿನ ಕಾಯಿಲೆ ಅಂದರೆ ಹುಚ್ಚು, ಅಥವಾ ಜಿನ್ನ್.

ನಮ್ಮ ಹುಡುಗನನ್ನೂ ಅದಕ್ಕೆ ಮೊದಲು ಎರಡು ಕಡೆ ಕರೆದುಕೊಂಡು ಹೋಗಿ ಓದಿಸಿದ್ದರು, ನೂಲು ಕಟ್ಟಿಸಿದ್ದರು. ಓದಿ ಊದುವುದನ್ನು ನಾನು ತಮಾಷೆ ಮಾಡುವವನಲ್ಲ. ನನ್ನ ಜ್ವರ ಇಳಿಸಿದ್ದು ತನ್ನ ಊದಿದ ನೀರೇ ಎಂದು ಅಜ್ಜಿ ಕೊನೆಯವರೆಗೂ ನಂಬಿದ್ದರು. ಆದರೆ ಇಲ್ಲಿ ಒಂದೂವರೆ ವರ್ಷ ಕಳೆದುಹೋಯಿತು. ದುಆಗೆ ದವಾ ಅಡ್ಡಿಯಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ 'ದವಾ-ದುಆ' ಎಂಬ ಹೆಸರಿನಲ್ಲೇ ಮುಜಾವರ್‌ಗಳೂ ಮನೋವೈದ್ಯರೂ ಒಟ್ಟಿಗೆ ಕೆಲಸ ಮಾಡಿದ್ದಾರೆ. ಇದಕ್ಕೆ ವಿರುದ್ಧವಾದದ್ದೂ ನಮ್ಮ ಕಣ್ಣಮುಂದೆ ಇದೆ: 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸಂಕೋಲೆಯಲ್ಲಿ ಕಟ್ಟಿಹಾಕಿದ್ದ 28 ಮಾನಸಿಕ ರೋಗಿಗಳು ಸುಟ್ಟು ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಈಗ ರೋಗಿಗೆ ಸಂಕೋಲೆ ಹಾಕುವಂತಿಲ್ಲ.

ತಂಗಿ ಸುಮ್ಮನಿದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅವನಿಗಿಂತ ದೊಡ್ಡವಳು ಮಗಳೊಬ್ಬಳಿದ್ದಾಳೆ. "ನಾಳೆ ಅವಳ ಮದುವೆ ಮಾತು ಬಂದಾಗ ಜನ ಏನಂತಾರೆ?" ನಾನು ಇದಕ್ಕೆ ಉತ್ತರ ಕೊಡಲಿಲ್ಲ. ಜನ ಅನ್ನುತ್ತಾರೆ ಎನ್ನುವುದು ಸುಳ್ಳಲ್ಲವಲ್ಲ.

ಇದು ಒಂದು ಮನೆಯ ಕಥೆ ಮಾತ್ರ ಅಲ್ಲ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಆ ವಯಸ್ಸಿನ ನಲವತ್ತು ಮಕ್ಕಳಿದ್ದರೆ ಹೆಚ್ಚುಕಡಿಮೆ ಮೂವರು. ಆ ಮೂವರು ನಮ್ಮ ಕಣ್ಣಿಗೆ ಬೀಳುವುದು ಬೇರೆ ಹೆಸರಲ್ಲಿ. ಬೆಂಚಿನಲ್ಲಿ ಐದು ನಿಮಿಷ ಕೂರಲಾಗದವ 'ಪೋಕರಿ'. ಅಕ್ಷರಗಳು ತಿರುಗಿ ಕಾಣುವವ 'ದಡ್ಡ'. ಶಾಲೆ ಶುರುವಾದ ಜೂನ್‌ನಲ್ಲಿ ದಿನಾ ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ ಅನ್ನುವ ಹುಡುಗಿ 'ಕಳ್ಳಿ'. ಆ ಹೊಟ್ಟೆನೋವು ನಾಟಕ ಅಲ್ಲ, ಆತಂಕ ಇರುವ ಮಗುವಿಗೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ತೋಟ ಕೊಚ್ಚಿಹೋದವು. ಅಂಥದ್ದನ್ನು ಕಂಡ ಮಗು ಪ್ರತಿ ಮಳೆಗೂ ರಾತ್ರಿ ಎದ್ದು ಕೂತರೆ ಅದನ್ನು ಹಠ ಅನ್ನುವುದು ಹೇಗೆ?

ಎಲ್ಲಿ ತೋರಿಸಬೇಕು ಅನ್ನುವುದು ಮಲೆನಾಡಿನಲ್ಲಿ ಸಣ್ಣ ಪ್ರಶ್ನೆ ಅಲ್ಲ. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿ.ಮೀ. ಹೋಗಿ ಬರುವಾಗ ಒಂದು ದಿನದ ಕೂಲಿಯೂ ಹೋಯಿತು, ಶಾಲೆಯೂ ಹೋಯಿತು. ಆದರೆ ಮೊದಲ ಹೆಜ್ಜೆಗೆ ಅಷ್ಟು ದೂರ ಬೇಕಿಲ್ಲ. 2014ರಲ್ಲಿ ಶುರುವಾದ ರಾಜ್ಯ ಸರಕಾರದ 'ಮನೋಚೈತನ್ಯ' ಯೋಜನೆಯಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಕೊಳ್ಳಿ. 14416 ಟೆಲಿ ಮಾನಸ್ ನಂಬರ್, 2022ರಲ್ಲಿ ಶುರುವಾದದ್ದು. ರಾತ್ರಿ ಎರಡು ಗಂಟೆಗೂ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಗಂಡ ಗಲ್ಫ್‌ನಲ್ಲಿದ್ದು, ಅತ್ತೆಯ ಎದುರು ಹೇಳಲಾಗದ ಉಮ್ಮಂದಿರಿಗೆ ಇದು ನಿಜಕ್ಕೂ ಉಪಕಾರ.

ತಂಗಿ ಕೊನೆಗೆ ಕುದುರೆಮುಖದ ದಾರಿಯಾಗಿ ಮಂಗಳೂರಿಗೆ ಹೋಗಿ ಮಕ್ಕಳ ಮನೋವೈದ್ಯರೊಬ್ಬರಿಗೆ ತೋರಿಸಿದಳು. ಸಣ್ಣ ಡೋಸ್‌ನಲ್ಲಿ ಒಂದು ಮಾತ್ರೆ. ಅದರ ಜೊತೆ ಥೆರಪಿ. ಅದರ ಲೆಕ್ಕ ಸರಳ, ಮಾಡುವುದು ಕಷ್ಟ: ಹೆದರಿಕೆ ಬರಲಿ, ತೊಳೆಯಬೇಡ, ಹೆದರಿಕೆ ತಾನಾಗಿ ಇಳಿಯುವವರೆಗೆ ಕಾಯಿ. ಮೊದಲ ವಾರ ಹತ್ತು ಸಲದಿಂದ ಎಂಟು, ಆಮೇಲೆ ಆರು. ಎಲ್ಲರಿಗಿಂತ ಕಠಿಣ ಪಾಠ ಉಮ್ಮನಿಗೆ. "ಆಯ್ತಾ" ಅಂತ ಕೇಳಿದರೆ "ಆಯ್ತು" ಅನ್ನಬಾರದು! ಮೊದಲ ರಾತ್ರಿ ಇಬ್ಬರೂ ಅತ್ತರಂತೆ. ವಾಟ್ಸಾಪ್ ಕಾಲ್‌ನಲ್ಲಿ ಬಾಪ "ಮಗುವಿಗೆ ಒಂದು ಮಾತು ಹೇಳಿದರೆ ನಿನಗೇನು ನಷ್ಟ" ಎಂದು ಬೈದರಂತೆ. ಅವರಿಗೂ ಡಾಕ್ಟರೇ ಫೋನಿನಲ್ಲಿ ವಿವರಿಸಬೇಕಾಯಿತು.

ಈಗಲೂ ಪೂರ್ತಿ ಗುಣವಾಗಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಸ್ವಲ್ಪ ಹೆಚ್ಚುತ್ತದೆ. ಮಾತ್ರೆ ನಿಲ್ಲಿಸುವ ಮಾತನ್ನು ಡಾಕ್ಟರ್ ಇನ್ನೂ ಎತ್ತಿಲ್ಲ.

ಕಳೆದ ತಿಂಗಳು ಹೋಗಿದ್ದೆ. ಸುಬಹಿಗೆ ನಲ್ಲಿ ತೆರೆಯಿತು, ನಿಂತಿತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆರೆಯಿತು. ಅಡುಗೆಮನೆಯಲ್ಲಿ ತಂಗಿ ಸೌಟು ಹಿಡಿದುಕೊಂಡು ಹಾಗೇ ನಿಂತಿದ್ದಳು, ಕರೆಯಲಿಲ್ಲ. ನಲ್ಲಿ ನಿಂತಿತು. ಹುಡುಗ ಕೈ ಒದರಿಕೊಂಡು ಒಳಗೆ ಬಂದು ಒಲೆಯ ಹತ್ತಿರ ಕೂತ.

"ನೀರು ಎಂಥಾ ತಣ್ಣಗುಂಟು ಮಾಮ" ಅಂದ.