ಕಾಫಿಯ ರುಚಿಪರೀಕ್ಷೆ

ಕಾಫಿಯ ವಿಷಯದಲ್ಲಿ ಅಭಿಪ್ರಾಯವಿಲ್ಲದ ಗೃಹಸ್ಥರು ನಮ್ಮ ಸೀಮೆಯಲ್ಲಿ ದೊರೆಯುವುದು ದುರ್ಲಭ. ಮಳೆಬೆಳೆಯ ಮಾತು ಬಂದಾಗ, ರಾಜಕಾರಣದ ಮಾತು ಬಂದಾಗ ‘ನಮಗೇನು ತಿಳಿಯುತ್ತದೆ’ ಎಂದು ಸುಮ್ಮನಾಗುವವರು ಕೂಡ ಕಾಫಿಯ ಮಾತು ಬಂದೊಡನೆ ನ್ಯಾಯಾಧೀಶರಾಗಿಬಿಡುತ್ತಾರೆ. ತಮ್ಮ ಮನೆಯದೇ ಕಾಫಿ. ಪಕ್ಕದ ಮನೆಯದು ಕಷಾಯ. ಹೋಟೆಲಿನದು ಬಣ್ಣದ ನೀರು. ಆದರೆ ಈ ತೀರ್ಪುಗಳಲ್ಲಿ ನಾಲಗೆಯು ನುಡಿದ ಸಾಕ್ಷ್ಯವೆಷ್ಟು, ಅಂಗಡಿಯ ಹೆಸರು, ತೆತ್ತ ಬೆಲೆ, ಕಣ್ಣಿಗೆ ಕಂಡ ಬಣ್ಣ, ಮಾಡಿಕೊಟ್ಟವರ ಮೇಲಿನ ವಿಶ್ವಾಸ ಅಥವಾ ಅಸಮಾಧಾನ ಇವು ನುಡಿದ ಸಾಕ್ಷ್ಯವೆಷ್ಟು ಎಂಬುದನ್ನು ವಿಚಾರಿಸಿದವರು ಕಡಮೆ. ವಿಚಾರಿಸುವುದಕ್ಕೆ ಒಂದು ಸುಲಭವಾದ ಮಾರ್ಗವುಂಟು. ಹೆಸರನ್ನು ಮರೆಮಾಡಿ ರುಚಿಯೊಂದನ್ನೇ ಮುಂದಿಡುವುದೇ ಆ ಮಾರ್ಗ.

ಈ ಪದ್ಧತಿಯು ಲೋಕಪ್ರಸಿದ್ಧವಾದದ್ದು ದ್ರಾಕ್ಷಾಮದ್ಯದ ವ್ಯಾಪಾರದಲ್ಲಿ. ನಂದಿಬೆಟ್ಟದ ಸುತ್ತಿನಲ್ಲಿಯೂ ಈಗ ಅದು ತಯಾರಾಗುತ್ತಿದೆಯಾದರೂ, ನಮ್ಮ ವಾಚಕರಲ್ಲಿ ಬಹುಮಂದಿಯ ಮನೆಗಳಿಗೆ ಆ ಪಾನೀಯದ ಪ್ರವೇಶವಿಲ್ಲವೆಂದು ನಾವು ಬಲ್ಲೆವು. ಆದರೂ ಅದರ ಎರಡು ವೃತ್ತಾಂತಗಳು ಕೇಳತಕ್ಕವಾಗಿವೆ. ೧೯೭೬ನೆಯ ಮೇ ೨೪ರಂದು ಪ್ಯಾರಿಸ್ ನಗರದಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಆಂಗ್ಲ ವರ್ತಕನು ಫ್ರಾನ್ಸಿನ ಹೆಸರಾಂತ ಮದ್ಯಗಳನ್ನೂ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮದ್ಯಗಳನ್ನೂ ಹೆಸರು ಕಾಣದಂತೆ ಲೋಟಗಳಿಗೆ ಬಗ್ಗಿಸಿ ಪರೀಕ್ಷಕರ ಮುಂದಿರಿಸಿದನು. ಅಂಕಗಳನ್ನಿತ್ತವರು ಫ್ರಾನ್ಸಿನವರೇ ಆದ ಒಂಬತ್ತು ಮಂದಿ ನಿಪುಣರು. ಎಣಿಸಿ ನೋಡಿದಾಗ ಬಿಳಿಯದರಲ್ಲಿಯೂ ಕೆಂಪಿನದರಲ್ಲಿಯೂ ಮೊದಲನೆಯ ಸ್ಥಾನ ಕ್ಯಾಲಿಫೋರ್ನಿಯಾಕ್ಕೇ ಹೋಗಿತ್ತು. ಹೆಸರು ಕಂಡಿದ್ದರೆ ಈ ತೀರ್ಪು ಬರುತ್ತಿತ್ತೆಂದು ಯಾರೂ ಹೇಳಲಾರರು. ಎರಡನೆಯ ವೃತ್ತಾಂತ ಇನ್ನೂ ಕುತೂಹಲಕರವಾದದ್ದು. ೨೦೦೧ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಫ್ರಾನ್ಸಿನ ಬೋರ್ಡೊ ನಗರದ ವಿದ್ವಾಂಸರು ಬಿಳಿಯ ದ್ರಾಕ್ಷಾಮದ್ಯಕ್ಕೆ ರುಚಿಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿ, ಆ ವಿದ್ಯೆಯನ್ನೇ ಕಲಿಯುತ್ತಿದ್ದ ೫೪ ಮಂದಿ ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಅದರ ಪರಿಮಳವನ್ನು ಕೆಂಪು ಮದ್ಯಕ್ಕೆ ಸಲ್ಲುವ ಮಾತುಗಳಿಂದಲೇ ವರ್ಣಿಸಿದರು. ಕಣ್ಣು ಹೇಳಿದ್ದನ್ನು ಮೂಗು ನಂಬಿತು.

ಕಾಫಿಯಲ್ಲಿ ಕಣ್ಣು ಎಷ್ಟೊಂದು ಅಧಿಕಾರ ನಡೆಸುತ್ತದೆಂಬುದನ್ನು ಬೇರೆ ಹೇಳಬೇಕೆ? ಡಿಕಾಕ್ಷನ್ ಕಪ್ಪಾಗಿ ಇಳಿದರೆ ‘ಸ್ಟ್ರಾಂಗ್’ ಎನ್ನುತ್ತೇವೆ. ಆ ಕಪ್ಪಿನ ಬಹುಭಾಗ ಚಿಕೋರಿ ಬೇರಿನದಾಗಿರಬಹುದೆಂಬ ಯೋಚನೆ ಬರುವುದೇ ಇಲ್ಲ.

ಕಾಫಿಬೀಜದ ವ್ಯಾಪಾರದಲ್ಲಿ ರುಚಿ ನೋಡುವುದೇ ಒಂದು ಉದ್ಯೋಗ. ೧೯೪೨ರ ಕಾಯಿದೆಯ ಮೇರೆಗೆ ರೂಪುಗೊಂಡ ಕಾಫಿ ಮಂಡಳಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆಯಷ್ಟೆ. ಅದರ ಗುಣಪರೀಕ್ಷೆಯ ವಿಭಾಗಕ್ಕೆ ಬಹುಕಾಲ ಮುಖ್ಯಸ್ಥರಾಗಿದ್ದ ಸುನಾಲಿನಿ ಮೆನನ್ ಅವರು ಏಷ್ಯಾಖಂಡದ ಮೊದಲ ಮಹಿಳಾ ಕಾಫಿ ಪರೀಕ್ಷಕರೆಂದು ಖ್ಯಾತಿ ಪಡೆದವರು. ಮೊದಲು ಬೆಳೆಗಾರರು ತಮ್ಮ ಫಸಲನ್ನು ಮಂಡಳಿಯ ಸಾಮೂಹಿಕ ದಾಸ್ತಾನಿಗೇ ಒಪ್ಪಿಸಬೇಕಾಗಿತ್ತು. ೧೯೯೬ರ ಹೊತ್ತಿಗೆ ಆ ನಿರ್ಬಂಧ ಪೂರ್ತಿಯಾಗಿ ತೆಗೆದುಹೋಯಿತು. ಅಲ್ಲಿಂದೀಚೆಗೆ ಒಂದೊಂದು ತೋಟವೂ ತನ್ನ ಬಟ್ಟಲಿನ ರುಚಿಯ ಬಲದಿಂದಲೇ ಬೆಲೆ ಕೇಳಬಹುದಾಗಿದೆ. ೨೦೦೨ರಿಂದ ಮಂಡಳಿಯು ಉತ್ತಮ ಕಾಫಿಗೆ ಬಹುಮಾನಗಳನ್ನು ಏರ್ಪಡಿಸಿದೆ. ಇಂಥ ಪರೀಕ್ಷೆಗಳಲ್ಲಿ ಮಾದರಿಗೆ ತೋಟದ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಬೆಳೆಗಾರನ ಒಂದು ವರ್ಷದ ದುಡಿಮೆ ಪರೀಕ್ಷಕನ ಒಂದು ಚಮಚದಲ್ಲಿ ತೂಗಲ್ಪಡುತ್ತದೆ.

ಆ ಪರೀಕ್ಷೆಯ ಕ್ರಮ ಹೀಗೆ. ಹದವಾಗಿ ಹುರಿದ ಬೀಜವನ್ನು ತರಿಯಾಗಿ ಪುಡಿಮಾಡಿ, ೧೫೦ ಮಿಲಿಲೀಟರು ನೀರಿಗೆ ಸುಮಾರು ಎಂಟೂಕಾಲು ಗ್ರಾಮಿನಂತೆ ಬಟ್ಟಲಿಗೆ ಹಾಕುತ್ತಾರೆ. ಒಂದೊಂದು ಮಾದರಿಗೂ ಐದು ಬಟ್ಟಲು. ಏಕೆಂದರೆ ಒಂದು ಹಿಡಿ ಬೀಜದಲ್ಲಿ ಒಂದೇ ಒಂದು ಕೊಳೆತದ್ದು ಸೇರಿದ್ದರೂ ಆ ಬಟ್ಟಲು ಕೆಟ್ಟು ಉಳಿದವು ಚೆನ್ನಾಗಿರುತ್ತವೆ. ಕುದಿತ ಇಳಿದ ನೀರನ್ನು, ಎಂದರೆ ಸುಮಾರು ೯೩ ಡಿಗ್ರಿ ಸೆಂಟಿಗ್ರೇಡಿನದನ್ನು, ಮೇಲಿನಿಂದ ಸುರಿದು ನಾಲ್ಕು ನಿಮಿಷ ಬಿಡುತ್ತಾರೆ. ಪುಡಿಯೆಲ್ಲ ಮೇಲಕ್ಕೆದ್ದು ಕೆನೆಯಂತೆ ಕಟ್ಟುತ್ತದೆ. ಮೂಗನ್ನು ಬಟ್ಟಲಿನ ಅಂಚಿಗೆ ತಂದು ಆ ಕೆನೆಯನ್ನು ಚಮಚದಿಂದ ಒಡೆದಾಗ ಹೊಮ್ಮುವ ಪರಿಮಳವೇ ಮೊದಲನೆಯ ಸಾಕ್ಷಿ. ಬಳಿಕ ನೊರೆಯನ್ನು ತೆಗೆದು, ತುಸು ಆರಿದ ಮೇಲೆ, ಚಮಚದಲ್ಲಿ ತೆಗೆದುಕೊಂಡು ಸೊರ್ರೆಂದು ಗಟ್ಟಿಯಾಗಿ ಹೀರಿ, ಬಾಯಲ್ಲಿ ಆಡಿಸಿ ಉಗುಳಿಬಿಡುತ್ತಾರೆ. ನಮ್ಮ ಮನೆಗಳಲ್ಲಿ ಮಕ್ಕಳು ಹಾಗೆ ಹೀರಿದರೆ ಬೈಗುಳ ತಪ್ಪದು. ಅಲ್ಲಿ ಅದೇ ಶಾಸ್ತ್ರ. ಹಾಗೆ ಹೀರಿದಾಗ ಪರಿಮಳವು ಗಂಟಲ ಹಿಂದಿನಿಂದ ಮೂಗಿಗೇರುತ್ತದೆ. ನಾವು ರುಚಿಯೆಂದು ಕರೆಯುವುದರ ಬಹುಭಾಗ ಮೂಗಿನದೇ. ನಂಬಿಕೆಯಾಗದಿದ್ದರೆ ಮೂಗು ಹಿಡಿದುಕೊಂಡು ಒಂದು ಗುಟುಕು ಕಾಫಿ ಕುಡಿದು ನೋಡಬಹುದು: ಕಹಿ, ಹುಳಿ, ಬಿಸಿ ಇಷ್ಟೇ ಉಳಿಯುತ್ತವೆ.

ಮತ್ತೊಂದು ಮಾತು. ಪರೀಕ್ಷಕರು ಅದೇ ಬಟ್ಟಲನ್ನು ಆರಿದ ಮೇಲೆಯೂ ನೋಡುತ್ತಾರೆ. ಹಣ್ಣನ್ನು ಹೆಚ್ಚು ಹೊತ್ತು ಹುದುಗು ಬರಿಸಿದ ಹುಳಿ, ಮಣ್ಣಿನ ಕಣದಲ್ಲಿ ಒಣಗಿಸಿದ ಮಣ್ಣುವಾಸನೆ, ಮುಗ್ಗಲು ಇವೆಲ್ಲವನ್ನೂ ಬಿಸಿಯು ಮುಚ್ಚಿಡುತ್ತದೆ. ಆರಿದ ಕಾಫಿ ಏನನ್ನೂ ಮುಚ್ಚಿಡುವುದಿಲ್ಲ. ಹುರಿದ ಬಣ್ಣದಿಂದ ಮನಸ್ಸು ವಾಲದಿರಲೆಂದು ಕೆಲವೆಡೆ ಕೆಂಪು ದೀಪದಡಿಯಲ್ಲಿ ರುಚಿ ನೋಡುವುದೂ ಉಂಟು.

ಹೆಸರು ಮುಚ್ಚಿದ ಮಾತ್ರಕ್ಕೆ ಪರೀಕ್ಷೆ ಪೂರ್ಣವಾಗಲಿಲ್ಲ. ಒಮ್ಮೆ ಸರಿಯಾಗಿ ಹೇಳಿದವನು ತಿಳಿದು ಹೇಳಿದನೋ, ಕುರುಡು ಅದೃಷ್ಟದಿಂದ ಹೇಳಿದನೋ? ಇದಕ್ಕೆ ಉತ್ತರ ಹುಟ್ಟಿದ್ದು ಒಂದು ಬಟ್ಟಲು ಚಹದಿಂದ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾಲಯದಲ್ಲಿ ೧೯೨೦ರ ದಶಕದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿದುಷಿಯು, ಬಟ್ಟಲಿಗೆ ಮೊದಲು ಹಾಲು ಹಾಕಿದ್ದರೋ ಚಹ ಹಾಕಿದ್ದರೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದಳು. ಅಲ್ಲಿದ್ದ ಗಣಿತಜ್ಞ ರೊನಾಲ್ಡ್ ಫಿಶರನು ನಗಲಿಲ್ಲ. ಎಂಟು ಬಟ್ಟಲುಗಳಲ್ಲಿ ನಾಲ್ಕು ಒಂದು ಬಗೆ, ನಾಲ್ಕು ಇನ್ನೊಂದು ಬಗೆ. ಕ್ರಮ ಕಲಸಿಟ್ಟು ಕೊಟ್ಟರೆ, ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ ೭೦ರಲ್ಲಿ ಒಂದೇ ಎಂದು ಅವನು ಲೆಕ್ಕ ಹಾಕಿದನು. ೧೯೩೫ರಲ್ಲಿ ಪ್ರಕಟವಾದ ಅವನ ಪ್ರಯೋಗವಿಧಾನದ ಗ್ರಂಥದಲ್ಲಿ ಈ ಪ್ರಸಂಗಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಇಂದು ಔಷಧಗಳನ್ನು ಪರೀಕ್ಷಿಸುವ ಕ್ರಮವೂ ಇದೇ ವಿಚಾರಸರಣಿಯದು.

ಈ ಎಲ್ಲವನ್ನೂ ಓದಿ ತಿಳಿದಿದ್ದ ನಮಗೆ ಅದನ್ನು ಒಂದು ಮನೆಯ ನಡುಮನೆಯಲ್ಲಿ ನಡೆಸಿ ನೋಡುವ ಅವಕಾಶವು ಈಚೆಗೆ ಚಿಕ್ಕಜಾಜೂರಿನಲ್ಲಿ ಒದಗಿತು. ಹೊಳಲ್ಕೆರೆ ತಾಲ್ಲೂಕಿನ ಈ ಊರು ರೈಲ್ವೆ ಜಂಕ್ಷನ್ನೆಂದು ಎಲ್ಲರಿಗೂ ಗೊತ್ತು. ಬೀರೂರಿನಿಂದ ದಾವಣಗೆರೆಗೆ ಹೋಗುವ ದಾರಿಯಿಂದ ಚಿತ್ರದುರ್ಗದ ಕವಲು ಇಲ್ಲಿಯೇ ಒಡೆಯುತ್ತದೆ. ಹೀಗಾಗಿ ನಾಲ್ಕು ದಿಕ್ಕಿನ ಕಾಫಿಪುಡಿಯೂ ಇಲ್ಲಿಗೆ ಇಳಿಯುತ್ತದೆ, ನಾಲ್ಕು ದಿಕ್ಕಿನ ವಾದವೂ ಇಳಿಯುತ್ತದೆ. ನಾವು ಇಳಿದುಕೊಂಡಿದ್ದ ಬಂಧುಗಳ ಮನೆಯಲ್ಲಿ ಕೆಲವು ತಿಂಗಳಿಂದ ಕಾಫಿಯೇ ಕಲಹದ ಮೂಲವಾಗಿತ್ತು. ಎಪ್ಪತ್ತು ದಾಟಿದ ಅತ್ತೆಯವರು ‘ಕಾಫಿ ಮೊದಲಿನಂತಿಲ್ಲ’ ಎನ್ನುವರು. ಸೊಸೆಯು ‘ಪುಡಿಯೂ ಅದೇ, ಹಾಲೂ ಅದೇ, ಕೈಯೂ ಅದೇ’ ಎನ್ನುವಳು. ವಯಸ್ಸಾದ ಮೇಲೆ ನಾಲಗೆ ಕೆಡುತ್ತದೆಂದು ಮಗನು ಮಧ್ಯಸ್ಥಿಕೆ ಮಾಡಹೋಗಿ ಇಬ್ಬರ ಕೋಪಕ್ಕೂ ಗುರಿಯಾಗಿದ್ದನು. ಒಂದು ಲೋಟವನ್ನು ಹಾಗೆಯೇ ಆರಲು ಬಿಟ್ಟು ಎದ್ದುಹೋಗುವುದು ಅತ್ತೆಯವರಿಗೂ, ಅದನ್ನು ಮಾತಿಲ್ಲದೆ ಬಚ್ಚಲಿಗೆ ಚೆಲ್ಲುವುದು ಸೊಸೆಗೂ ನಿತ್ಯದ ಅಭ್ಯಾಸವಾಗಿತ್ತು.

ಐದು ಸಂಖ್ಯೆಗಳನ್ನು ಏರ್ಪಡಿಸಿದೆವು. ಚಿಕ್ಕಮಗಳೂರಿನಿಂದ ಕಡೂರಿನ ಮೇಲೆ ರೈಲಿನಲ್ಲಿ ಬಂದ ಅಪ್ಪಟ ಅರೇಬಿಕಾ ಒಂದು. ಅರೇಬಿಕಾ ರೊಬಸ್ಟಾ ಬೆರೆತ, ಚಿಕೋರಿಯಿಲ್ಲದ ಬೆಂಗಳೂರಿನ ಪುಡಿ ಒಂದು. ಐದರಲ್ಲೊಂದು ಪಾಲು ಚಿಕೋರಿ ಸೇರಿದ ದಾವಣಗೆರೆಯ ಪುಡಿ ಒಂದು. ಆ ಮನೆಯವರು ಅಂಗಡಿಯಿಂದ ತರಿಸುತ್ತಿದ್ದ ಪೊಟ್ಟಣದ ಪುಡಿ ಒಂದು. ಐದನೆಯದು ದಾವಣಗೆರೆಯದೇ, ಎರಡನೆಯ ಸಲ, ಇದು ಗುಟ್ಟು. ಹೈಸ್ಕೂಲಿನ ಮೊಮ್ಮಗಳು ಪುಡಿಗಳನ್ನು ತೂಗಿ, ಡಬ್ಬಿಗಳಿಗೆ ಸಂಖ್ಯೆ ಅಂಟಿಸಿ, ಚೀಟಿಯನ್ನು ತನ್ನಲ್ಲಿಟ್ಟುಕೊಂಡು ಹೊರಗೆ ಹೋದಳು. ಕಾಫಿ ಕಾಸಿದ ಸೊಸೆಗೂ ಯಾವುದು ಯಾವುದೆಂದು ತಿಳಿಯದು. ಕೊಡುವವರ ಮುಖವೂ ಮಾತನಾಡುತ್ತದೆಂಬುದನ್ನು ಮರೆಯಕೂಡದು. ಪರೀಕ್ಷಕರು ಅತ್ತೆಯವರು, ಸೊಸೆ, ಮಗ, ನಿವೃತ್ತರಾದ ಒಬ್ಬ ಸ್ಟೇಷನ್ ಮಾಸ್ತರರು, ಅಡಿಕೆ ತೋಟದ ಒಬ್ಬ ಸಾಹುಕಾರರು. ಈ ಕೊನೆಯವರು ಮಧ್ಯಾಹ್ನದವರೆಗೆ ತಾಂಬೂಲ ಹಾಕದೆ ಕುಳಿತದ್ದೇ ಅಂದಿನ ಮಹಾತ್ಯಾಗ.

ಮೊದಲು ಹಾಲುಸಕ್ಕರೆಗಳಿಲ್ಲದೆ ನೋಡಿದರು. ಅಪ್ಪಟ ಅರೇಬಿಕಾವನ್ನು ಮೂವರು ‘ಹುಳಿ’ ಎಂದು ತಳ್ಳಿಬಿಟ್ಟರು. ರುಚಿಪರೀಕ್ಷಕರು ಹುಡುಕಿಕೊಂಡು ಹೋಗುವ ಗುಣವೇ ನಮ್ಮ ಮನೆಗಳಲ್ಲಿ ದೋಷವೆನಿಸುತ್ತದೆ. ಹಾಲು ಬೆರೆಸಿ ಕುಡಿಯುವ ನಾವು ಕಹಿಯನ್ನೂ ಗಟ್ಟಿತನವನ್ನೂ ಬೇಡುತ್ತೇವೆ. ಹಾಲು ಸೇರಿದ ಮೇಲೆ ಆ ಕಾಫಿಯ ಸುವಾಸನೆಯೆಲ್ಲ ಅಡಗಿಹೋಯಿತು. ಇದು ಕಾಫಿಯ ಕುಂದೂ ಅಲ್ಲ, ಕುಡಿಯುವವರ ಕುಂದೂ ಅಲ್ಲ. ಹಾಲಿನ ಕಾಫಿಗೆ ದುಬಾರಿ ಅರೇಬಿಕಾವನ್ನು ಮಾತ್ರ ತರುವುದು ದುಂದು ಎಂಬುದೇ ನಮ್ಮ ಅಭಿಪ್ರಾಯ. ರೊಬಸ್ಟಾ ತುಸು ಬೆರೆತರೆ ಹಾಲನ್ನು ತಡೆದು ನಿಲ್ಲುವ ಬಲ ಬರುತ್ತದೆ.

ಚಿಕೋರಿ ಸೇರಿದ್ದು ಕಾಫಿಯೇ ಅಲ್ಲವೆಂದು ನಲವತ್ತು ವರ್ಷ ಸಾರಿದ್ದ ಸ್ಟೇಷನ್ ಮಾಸ್ತರರು ಹಾಲು ಹಾಕಿದ ಮೇಲೆ ಮೊದಲನೆಯ ಸ್ಥಾನ ಕೊಟ್ಟದ್ದು ದಾವಣಗೆರೆಯ ಮಿಶ್ರಣಕ್ಕೆ. ಅದೇ ಪುಡಿಯು ಬೇರೆ ಸಂಖ್ಯೆಯಲ್ಲಿ ಬಂದಾಗ ಅವರಲ್ಲಿ ನಾಲ್ಕನೆಯದಾಯಿತು. ಚೀಟಿ ಬಿಚ್ಚಿ ಓದಿದಾಗ ಕ್ಷಣಕಾಲ ಸುಮ್ಮನಿದ್ದು, ‘ಹಾಲು ಬಹಳ ಚೆನ್ನಾಗಿತ್ತು’ ಎಂದರು. ಸಾಹುಕಾರರಿಗೆ ಒಂದೇ ಪುಡಿ ಒಮ್ಮೆ ಕಡುವಾಗಿಯೂ ಒಮ್ಮೆ ಸಪ್ಪೆಯಾಗಿಯೂ ಕಂಡಿತ್ತು.

ಅತ್ತೆಯವರು ಮಾತ್ರ ಐದನೆಯ ಲೋಟವನ್ನು ಕೆಳಗಿಟ್ಟು, ಮತ್ತೆ ಮೂರನೆಯದನ್ನು ತೆಗೆದುಕೊಂಡು, ‘ಇವೆರಡೂ ಒಂದೇ ಅಲ್ವೇನಮ್ಮ?’ ಎಂದು ಸೊಸೆಯನ್ನು ಕೇಳಿದರು. ಐದರಲ್ಲಿ ಎರಡನ್ನು ಜೋಡಿ ಮಾಡುವ ಬಗೆ ಹತ್ತು. ಊಹೆಯಿಂದಲೂ ಹತ್ತರಲ್ಲೊಮ್ಮೆ ಸರಿಯಾಗಬಹುದು. ಆದುದರಿಂದ ಸಂಜೆ ಸಂಖ್ಯೆಗಳನ್ನು ಬದಲಾಯಿಸಿ ಮತ್ತೊಮ್ಮೆ ಕೊಟ್ಟೆವು. ಮತ್ತೆ ಅದೇ ಜೋಡಿಯನ್ನೇ ಹಿಡಿದರು. ಎರಡು ಸಲವೂ ಊಹೆ ಫಲಿಸುವುದು ನೂರರಲ್ಲೊಮ್ಮೆ. ಇಷ್ಟೇ ಅಲ್ಲ, ಎರಡು ಸಲವೂ ಅವರು ಕೊನೆಗೆ ತಳ್ಳಿದ್ದು ಒಂದೇ ಪುಡಿಯನ್ನು: ‘ಸುಟ್ಟ ಬೆಲ್ಲದ ಹಾಗಿದೆ.’ ಅದು ಮನೆಯ ಪೊಟ್ಟಣದ ಪುಡಿ.

ಮೊಮ್ಮಗಳು ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಿದಳು. ಕಾಫಿ ೫೩, ಚಿಕೋರಿ ೪೭. ಹಳೆಯ ಪೊಟ್ಟಣವೊಂದರಲ್ಲಿ ಸೊಸೆಯು ಮೆಂತ್ಯ ಕಟ್ಟಿಟ್ಟಿದ್ದಳು. ಅದನ್ನು ತಂದು ನೋಡಿದರೆ ಕಾಫಿ ೭೦, ಚಿಕೋರಿ ೩೦. ಅದೇ ತಯಾರಕರದು, ಬಣ್ಣವೂ ಹೆಚ್ಚುಕಡಮೆ ಅದೇ, ಪುಡಿ ಬೇರೆ. ಅಂಗಡಿಯ ಹುಡುಗನು ಯಾವಾಗಲೋ ಒಂದರ ಬದಲು ಇನ್ನೊಂದನ್ನು ಕಟ್ಟಿಕೊಟ್ಟಿದ್ದನು, ಅದೇ ಮುಂದುವರಿದಿತ್ತು. ಅತ್ತೆಯವರ ನಾಲಗೆಯೂ ಕೆಟ್ಟಿರಲಿಲ್ಲ, ಸೊಸೆಯ ಕೈಯೂ ಕೆಟ್ಟಿರಲಿಲ್ಲ. ಸೊಸೆಯು ಆ ಪೊಟ್ಟಣವನ್ನು ಎರಡು ಸಲ ಓದಿ, ‘ನಾಲ್ಕು ತಿಂಗಳಿಂದ ಹೇಳ್ತಿದ್ರಿ ಅತ್ತೆ’ ಎಂದಷ್ಟೇ ಹೇಳಿ ಒಳಗೆ ಹೋದಳು. ಹೊಸ ಡಿಕಾಕ್ಷನ್ನಿಗೆ ನೀರಿಟ್ಟ ಸದ್ದು ಕೇಳಿಸಿತು.

ಮಿಶ್ರಣದಲ್ಲಿ ಕಾಫಿಯು ನೂರಕ್ಕೆ ೫೧ ಪಾಲಿಗೆ ಕಡಮೆಯಿರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ತಿಳಿಸಿರಬೇಕು ಎಂದು ನಮ್ಮ ದೇಶದ ಆಹಾರ ನಿಯಮ ವಿಧಿಸುತ್ತದೆ. ಬಿಡಿಯಾಗಿ ಪುಡಿ ಕೊಳ್ಳುವವರು ಒಂದು ಗಾಜಿನ ಲೋಟದ ತಣ್ಣೀರಿನ ಮೇಲೆ ಅರ್ಧ ಚಮಚ ಉದುರಿಸಿ ನೋಡಲಿ. ಕಾಫಿ ತೇಲುತ್ತದೆ, ಚಿಕೋರಿ ಕೆಲವೇ ಕ್ಷಣಗಳಲ್ಲಿ ಕಂದು ಗೆರೆಗಳನ್ನು ಎಳೆಯುತ್ತ ತಳಕ್ಕಿಳಿಯುತ್ತದೆ. ಹೆಸರು ಮುಚ್ಚಿದ ಪರೀಕ್ಷೆಯನ್ನು ಮನೆಯಲ್ಲಿ ನಡೆಸಲೆಳಸುವವರು ಒಗ್ಗರಣೆಯ ಹೊತ್ತನ್ನೂ ಊದುಬತ್ತಿಯ ಹೊತ್ತನ್ನೂ ಬಿಟ್ಟು ಬೆಳಗಿನ ಹತ್ತು ಗಂಟೆಯ ಸುಮಾರನ್ನು ಆರಿಸಿಕೊಳ್ಳುವುದು ಲೇಸು. ಲೋಟಗಳೆಲ್ಲ ಒಂದೇ ಬಗೆಯವಾಗಿರಲಿ, ಐದಕ್ಕೆ ಮೀರದಿರಲಿ. ನಡುವೆ ಬಾಯಿ ಮುಕ್ಕಳಿಸಲು ಉಗುರುಬೆಚ್ಚಗಿನ ನೀರಿರಲಿ. ಒಂದು ಪುಡಿಯನ್ನು ತಪ್ಪದೆ ಎರಡು ಸಲ ಇರಿಸಲಿ. ಚೀಟಿಯನ್ನು ಕಾಫಿ ಕುಡಿಯದ ಮಕ್ಕಳ ವಶಕ್ಕೆ ಕೊಡುವುದು ಕ್ಷೇಮ.