ಪಹಣಿ ಪತ್ರಿಕೆ ಮತ್ತು ಪ್ರಜೆಯ ಹಕ್ಕು

ಶಿರಸಿ ಸೀಮೆಯ ಹುಲಗೋಳದಂತಹ ಊರುಗಳಲ್ಲಿ ಅಡಿಕೆ ತೋಟವೇ ಕುಟುಂಬದ ಆಧಾರ. ಆ ತೋಟವು ತನ್ನದೆಂದು ತೋರಿಸಲು ರೈತನ ಬಳಿ ಇರುವ ಮುಖ್ಯ ದಾಖಲೆ ಪಹಣಿ ಪತ್ರಿಕೆ. ಬೆಳೆಸಾಲ, ಬೆಳೆವಿಮೆ, ಅತಿವೃಷ್ಟಿಯ ಪರಿಹಾರ ಇವೆಲ್ಲಕ್ಕೂ ಅದು ಬೇಕು. ಆದುದರಿಂದ ಸರ್ಕಾರದ ಗಣಕೀಕರಣವು ಜನರಿಗೆ ಏನನ್ನು ನೀಡಿತು ಎಂಬುದನ್ನು ಈ ಒಂದು ಪತ್ರಿಕೆಯ ಮೂಲಕವೇ ಅರಿಯಬಹುದು.

ಹಿಂದೆ ನಾಡಿನ ಪಹಣಿ ಪುಸ್ತಕಗಳು ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿದ್ದವು. ನಕಲು ಬೇಕಾದವರು ಅವರು ಸಿಗುವವರೆಗೆ ಕಾಯಬೇಕಿತ್ತು. ಕೈಬರಹದ ಪುಸ್ತಕದಲ್ಲಿ ಏನಾದರೂ ತಿದ್ದಿದರೆ ಅದು ಭೂಮಾಲೀಕರಿಗೆ ತಿಳಿಯುವುದೂ ಕಷ್ಟವಾಗಿತ್ತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಜಾರಿಗೆ ಬಂದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಅಳವಡಿಸಿತು. ತಾಲೂಕು ಕೇಂದ್ರದಲ್ಲಿ 15 ರೂಪಾಯಿ ಶುಲ್ಕಕ್ಕೆ ಪಹಣಿ ದೊರೆಯತೊಡಗಿತು. ಕೈಬರಹದ ನಕಲಿಗೆ ಮಾನ್ಯತೆ ತಪ್ಪಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ಯಂತ್ರದೊಳಗೇ ಅಳವಡಿಸಲಾಯಿತು.

ಈ ಬದಲಾವಣೆಯ ನಿಜವಾದ ಫಲವು ಇಲ್ಲಿದೆ. ಬಡವನ ಅರ್ಜಿಗೂ ಬಲ್ಲಿದನ ಅರ್ಜಿಗೂ ಸರದಿ ಒಂದೇ ಆಯಿತು. ತರುವಾಯ 2011ರ ‘ಸಕಾಲ’ ಅಧಿನಿಯಮವು ಸೇವೆಗೆ ಕಾಲಮಿತಿಯನ್ನು ಗೊತ್ತುಪಡಿಸಿತು. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ಪ್ರಜೆಗೆ ದೊರೆಯಿತು.

ಆದರೆ ಯಂತ್ರವು ಬರೆದುದನ್ನು ಮಾತ್ರ ತೋರಿಸುತ್ತದೆ. ಹಳೆಯ ಪುಸ್ತಕದ ತಪ್ಪು ಅದರಲ್ಲಿಯೂ ತಪ್ಪಾಗಿಯೇ ಉಳಿಯುತ್ತದೆ. ಹಿರಿಯರು ತೀರಿಕೊಂಡು ಎಷ್ಟೋ ವರ್ಷಗಳಾದರೂ ಪಹಣಿ ಅವರ ಹೆಸರಿನಲ್ಲಿಯೇ ಇರುವ ಮನೆಗಳು ಅನೇಕ. ಅಂತಹ ಮನೆಯವರು ತಾವೇ ದುಡಿದು ಬೆಳೆಸಿದ ತೋಟದ ಮೇಲೆ ಸಾಲವನ್ನಾಗಲಿ ಪರಿಹಾರವನ್ನಾಗಲಿ ಪಡೆಯಲು ಪರದಾಡಬೇಕಾಗುತ್ತದೆ. ಮಲೆನಾಡಿನ ದೂರದ ಮನೆಗಳಲ್ಲಿ ಮೊಬೈಲ್ ಸಂಪರ್ಕವೂ ದುರ್ಬಲ; ಅಕ್ಷರ ಬಾರದ ವೃದ್ಧರಿಗೆ ಪರದೆಯ ಮೇಲಿನ ಸೇವೆ ಇದ್ದೂ ಇಲ್ಲದಂತೆ.

ಆದುದರಿಂದ ಪ್ರತಿ ಮನೆಯವರೂ ವರ್ಷಕ್ಕೊಮ್ಮೆಯಾದರೂ ತಮ್ಮ ಪಹಣಿಯನ್ನು ತೆಗೆಸಿ, ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಬೆಳೆ ಸರಿಯಾಗಿವೆಯೇ ಎಂದು ನೋಡಿಕೊಳ್ಳಬೇಕು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಡನೆ ಪೌತಿ ಖಾತೆಗೆ ಅರ್ಜಿ ಸಲ್ಲಿಸುವುದನ್ನು ಮುಂದೂಡಬಾರದು. ಓದುಬರಹ ಬಲ್ಲ ಯುವಕ ಯುವತಿಯರು ನೆರೆಮನೆಯ ಹಿರಿಯರನ್ನು ನಾಡಕಚೇರಿಗೋ ಗ್ರಾಮ ಒನ್ ಕೇಂದ್ರಕ್ಕೋ ಕರೆದೊಯ್ದು, ಪಹಣಿಯನ್ನು ಓದಿ ಹೇಳಿದರೆ, ಅದೂ ಒಂದು ಸತ್ಕಾರ್ಯವೇ ಸರಿ.