ಶಾಲೆಯ ಗ್ರಂಥಪಾಲಕಿಯ ದಿನಚರಿ

ಪ್ರಾತಃಕಾಲದ ಗಂಟೆಗೆ ಮುನ್ನವೇ ಬಾಗಿಲು ತೆರೆದು, ಮರಳಿಬಂದ ಪುಸ್ತಕಗಳನ್ನು 1876ರಲ್ಲಿ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ ದಶಮಾಂಶ ವರ್ಗೀಕರಣದ ಕ್ರಮದಲ್ಲಿ, ಕನ್ನಡ ಸಾಹಿತ್ಯವನ್ನು 894.814ರ ಸ್ಥಾನದಲ್ಲಿ, ನೆಲೆಗೊಳಿಸುವ ಶಾಲಾ ಗ್ರಂಥಪಾಲಕಿಯ ಕಾರ್ಯವನ್ನು ಕೇವಲ ಕಾವಲುಗಾರಿಕೆಯೆಂದು ಭಾವಿಸುವುದು ಅನ್ಯಾಯವೇ ಸರಿ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕವು ದೊರೆಯಬೇಕೆಂದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಸೂತ್ರವು, ಪಾಠದಲ್ಲಿ ಹಿಂದುಳಿದ ಬಾಲಕನ ಕೈಗೆ ಶಿವರಾಮ ಕಾರಂತರ ‘ಬಾಲಪ್ರಪಂಚ’ದ ಸಂಪುಟವೊಂದನ್ನಿತ್ತು, ಅವನು ಚಿತ್ರಗಳಿಂದ ಅಕ್ಷರಗಳೆಡೆಗೆ ತಾನಾಗಿಯೇ ಸಾಗುವವರೆಗೆ ಆಕೆ ಕಾದಿರುವಲ್ಲಿ ಸಾರ್ಥಕವಾಗುತ್ತದೆ; ಈ ಸಹನೆಯನ್ನು ಯಾವ ದಾಖಲೆಪುಸ್ತಕವೂ ಬರೆದಿಡದು.

ಸಂಜೆ ಗೃಹಕೃತ್ಯಗಳು ಮುಗಿದ ತರುವಾಯ ಆಕೆಯ ಹವ್ಯಾಸವೂ ಪುಸ್ತಕಸೇವೆಯೇ, ಅಂದರೆ ಪುಸ್ತಕಗಳಿಗೆ ರಟ್ಟು ಕಟ್ಟುವುದು: ಮೈದಾಹಿಟ್ಟಿನ ಅಂಟಿಗೆ ಹುಳು ಹಿಡಿಯದಂತೆ ಮೈಲುತುತ್ತನ್ನು, ಅದು ವಿಷವಾದುದರಿಂದ ಮಕ್ಕಳಿಗೆ ನಿಲುಕದಂತೆ, ಆಕೆ ಬೆರೆಸುತ್ತಿರಲು, ಪತಿಯು ರಟ್ಟು ಕತ್ತರಿಸುತ್ತಾನೆ, ಮಗಳು ಸೂಜಿಗೆ ದಾರ ಪೋಣಿಸುತ್ತಾಳೆ.